ಕಡಲಿಗೆ ಹೊತ್ತ ಅಡುಗೆಮನೆ

ನಮ್ಮ ಮನೆಯಲ್ಲಿ ಮೀನು ಹಿಡಿಯಲು ಹೋಗುವುದೆಂದರೆ ಮನೆ ಬದಲಾಯಿಸಿದಷ್ಟೇ ಕೆಲಸ. ಬೇರೆಯವರು ಗಾಳ, ಒಂದು ಬಾಟಲಿ ನೀರು, ದಾರಿಯ ಮಾಮಕ್ ಊಟದಂಗಡಿಯಲ್ಲಿ ಕಟ್ಟಿಸಿಕೊಂಡ ಒಂದು ಪೊಟ್ಟಣ ಅನ್ನ ಹಿಡಿದುಕೊಂಡು ಆರಾಮಾಗಿ ಹೊರಟುಬಿಡುತ್ತಿದ್ದರು. ನಾವು ಹೊರಡಬೇಕಾದರೆ ಗ್ಯಾಸ್ ಒಲೆ, ಸಿಲಿಂಡರ್, ಕುಕ್ಕರ್, ಬಾಣಲೆ, ಕಾಯಿ ತುರಿಯುವ ಮಣೆ, ಮುದ್ದೆ ಕೋಲು, ಅಕ್ಕಿ, ರಾಗಿ ಹಿಟ್ಟು, ರುಬ್ಬಿದ ಮಸಾಲೆ, ಒಗ್ಗರಣೆ ಸಾಮಾನು, ಕುಡಿಯುವ ನೀರಿನ ಕ್ಯಾನು, ಐಸಿನ ಪೆಟ್ಟಿಗೆ, ಎಲ್ಲವೂ ಕಾರು ಹತ್ತಬೇಕಿತ್ತು. ಕಾರೋ, ಮೂರನೆಯವರ ಕೈಯಿಂದ ನಮ್ಮ ಕೈಗೆ ಬಂದ ಪುಟ್ಟ ಕಾರು. ಹಿಂದಿನ ಸೀಟಿನಲ್ಲಿ ಕುಕ್ಕರನ್ನು ತೊಡೆಯ ಮೇಲಿಟ್ಟುಕೊಂಡು, ಸಿಲಿಂಡರಿನ ಮೇಲೆ ಕಾಲು ಇಟ್ಟುಕೊಂಡು ನಾನು ಕೂರುತ್ತಿದ್ದೆ. ಮಲಯ್ ನಾಡಿನ ಮೆಲಾಕಾದಲ್ಲಿದ್ದ ನಮ್ಮ ಬೀದಿ ದಾಟುವಷ್ಟರಲ್ಲಿ ಮುದ್ದೆ ಕೋಲು ಒಮ್ಮೆಯಾದರೂ ನನ್ನ ಪಕ್ಕೆಗೆ ತಿವಿಯುತ್ತಿತ್ತು. ಪಕ್ಕದ ಮನೆಯ ತಮಿಳಿನ ಸರಸು ಅಕ್ಕ ಗೇಟಿನ ಹತ್ತಿರ ನಿಂತು ನಗುತ್ತಿದ್ದಳು. ಅವಳ ಗಂಡನೂ ಮೀನು ಹಿಡಿಯುವವನೇ. ಆದರೆ ಅವನು ಸ್ಕೂಟರಿನಲ್ಲಿ ಹೋಗಿ ಸ್ಕೂಟರಿನಲ್ಲಿ ಬರುತ್ತಿದ್ದ.

ಅಪ್ಪ ಅಲ್ಲಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಪಾಠ ಹೇಳುತ್ತಿದ್ದರು. ಕುಂದಾಪುರದ ಕಡೆಯ ಮೀನುಗಾರರ ಮನೆತನ. ಅವರ ಅಪ್ಪ, ಅಣ್ಣಂದಿರು ಎಲ್ಲ ದೋಣಿ ನಂಬಿದವರು. ಇವರೊಬ್ಬರು ಪುಸ್ತಕದ ಹಿಂದೆ ಬಿದ್ದರು. ಹಾಗಾಗಿ ಮೀನು ಹಿಡಿಯುವುದನ್ನು ಸರಿಯಾಗಿ ಕಲಿಯಲಿಲ್ಲ; ಕಲಿತಿಲ್ಲ ಅಂತ ಒಪ್ಪಿಕೊಳ್ಳಲೂ ಇಲ್ಲ. ಮೆಲಾಕಾಕ್ಕೆ ಬಂದು, ಕಡಲ ಗಾಳಿ ಮೂಗಿಗೆ ತಾಗಿದ್ದೇ ತಡ, ಗಾಳ ಕೊಂಡರು. ಅಮ್ಮ ಮಂಡ್ಯದವಳು, ಕೆರೆ ಮೀನು ತಿಂದು ಬೆಳೆದವಳು. ಹೈಸ್ಕೂಲಿನಲ್ಲಿ ಗಣಿತದ ಟೀಚರು. ಅಪ್ಪನಿಗೆ ಈ ಕೆಲಸ ಸಿಕ್ಕಿದಾಗ ಶಾಲೆಯವರನ್ನು ಕಾಡಿ ಬೇಡಿ ಎರಡು ವರ್ಷದ ಸಂಬಳವಿಲ್ಲದ ರಜೆ ಪಡೆದು, ನನ್ನನ್ನೂ ಕಟ್ಟಿಕೊಂಡು ಬಂದಿದ್ದಳು. ನನಗಾಗ ಏಳು ವರ್ಷ. ಬಂದವಳು ಬಂದಂತೆ ಇರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕೂತವರಂತೆ ಇದ್ದಳು. ಬೀರು ಕೊಳ್ಳೋಣ ಅಂದರೆ, ಹೋಗುವವರಿಗೆ ಬೀರು ಯಾಕೆ ಅನ್ನುವಳು. ಬಟ್ಟೆಗಳೆಲ್ಲ ಸೂಟ್‌ಕೇಸಿನಲ್ಲೇ. ಹೊರಗಡೆ ಒಂದು ತುತ್ತು ತಿನ್ನುವವಳಲ್ಲ. ಅಂಗಡಿಗಳ ಮುಂದೆ ಹಾಯುವಾಗ ಸೀಗಡಿ ಹಿಟ್ಟು ಹುರಿಯುವ ಘಾಟಿಗೆ ಸೆರಗು ಮೂಗಿಗೆ ಹೋಗುತ್ತಿತ್ತು. ಮೀನು ಹಿಡಿಯಲು ಹೋದಾಗಲೂ ಮನೆಯ ಊಟವೇ ಆಗಬೇಕೆಂಬ ಹಟ ಅವಳದೇ. ಅಡುಗೆಮನೆ ನಮ್ಮ ಹಿಂದೆ ಹಿಂದೆ ಬರುತ್ತಿದ್ದುದು ಅದಕ್ಕೇ.

ನಾವು ಹೋಗುತ್ತಿದ್ದದ್ದು ಕೆಲೋಂಗ್‌ಗೆ. ಕಡಲ ನಡುವೆ ಮರದ ಕಂಬಗಳನ್ನು ನೆಟ್ಟು, ಮೇಲೆ ಹಲಗೆ ಹಾಸಿ, ಒಂದು ಮೂಲೆಗೆ ತಗಡಿನ ಮಾಡು ಹೊದಿಸಿದರೆ ಅದೇ ಕೆಲೋಂಗ್. ದಡದಿಂದ ಮೋಟಾರು ದೋಣಿಯಲ್ಲಿ ಸ್ವಲ್ಪ ದೂರ ಹೋಗಬೇಕು. ಅದನ್ನು ನೋಡಿಕೊಳ್ಳುತ್ತಿದ್ದ ಮಲಯ್ ಮುದುಕನನ್ನು ಎಲ್ಲರೂ ಪಾಕ್ ದಿನ್ ಅನ್ನುತ್ತಿದ್ದರು. ಪಾಕ್ ಅಂದರೆ ಅಲ್ಲಿ ಹಿರಿಯರನ್ನು ಕರೆಯುವ ಮಾತು. ನಮ್ಮ ಸಾಮಾನು ನೋಡಿದಾಗಲೆಲ್ಲ ಅವನು ತಲೆ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದ. ಆಮೇಲೆ ತಾನೇ ಮೊದಲು ಸಿಲಿಂಡರಿಗೆ ಕೈ ಹಾಕುತ್ತಿದ್ದ. ಕಂಬಕ್ಕೆ ಕಟ್ಟಿದ ಏಣಿಯಲ್ಲಿ ಅವನು ಮೇಲೆ, ಅಪ್ಪ ದೋಣಿಯಲ್ಲಿ, ನಡುವೆ ಒಂದೊಂದೇ ಸಾಮಾನು ಕೈಯಿಂದ ಕೈಗೆ ಏರುವುದು. ದೋಣಿ ಅಲುಗಿದಾಗಲೆಲ್ಲ ಅಮ್ಮ ಕಣ್ಣು ಮುಚ್ಚಿಕೊಂಡು, ಕುಕ್ಕರು ಕುಕ್ಕರು ಎನ್ನುತ್ತಿದ್ದಳು. ನಾನು ಬಿದ್ದರೂ ಅಷ್ಟು ಗಾಬರಿಪಡುತ್ತಿದ್ದಳೋ ಇಲ್ಲವೋ ಎಂಬ ಅನುಮಾನ ನನಗೆ ಈಗಲೂ ಇದೆ.

ಐಸಿನ ಪೆಟ್ಟಿಗೆಯ ವಿಚಾರಕ್ಕೆ ಪ್ರತಿ ಸಲವೂ ಜಗಳ. ದಡದ ಅಂಗಡಿಯಲ್ಲಿ ಐಸಿನ ಗಡ್ಡೆ ಕೊಂಡು, ಕುಟ್ಟಿ, ಪೆಟ್ಟಿಗೆಗೆ ತುಂಬುತ್ತಿದ್ದರು. ಅದು ಮೀನಿಗೆ ಅನ್ನುವುದು ಅಪ್ಪನ ವಾದ. ಆದರೆ ಅಷ್ಟರಲ್ಲಿ ಅಮ್ಮ ಅದರ ಮೇಲೆ ಮೊಸರಿನ ಡಬ್ಬಿ, ಕೊತ್ತಂಬರಿ ಸೊಪ್ಪು, ತುರಿದ ಕಾಯಿ ಎಲ್ಲವನ್ನೂ ಸಾಲಾಗಿ ಕೂರಿಸಿಬಿಡುತ್ತಿದ್ದಳು.

"ಮೀನು ಎಲ್ಲಿ ಹಾಕೂದ್ ಮಾರಾಯ್ತಿ?"

"ಹಿಡೀರಿ ಮೊದ್ಲು. ಆಮೇಲೆ ಮೊಸರು ತೆಗೀತೀನಿ."

ಮೊಸರು ತೆಗೆಯುವ ಪ್ರಸಂಗ ಅಷ್ಟಾಗಿ ಬರಲಿಲ್ಲ. ಅಪ್ಪನ ಗಾಳಕ್ಕೆ ಮುಳ್ಳಿನ ಮೀಸೆಯ ಒಂದು ಜಾತಿ ಮೀನು ಬಿಟ್ಟರೆ ಬೇರೆ ಬೀಳುತ್ತಿರಲಿಲ್ಲ. ಅದನ್ನು ಪಾಕ್ ದಿನ್ ಸುಮ್ಮನೆ ಬಿಡಿಸಿ ನೀರಿಗೆ ಎಸೆಯುತ್ತಿದ್ದ. ಅಮ್ಮ ಮೀನಿಗೆಂದು ರುಬ್ಬಿ ತಂದ ಮಸಾಲೆಯನ್ನೇ ಹುಣಸೆಹುಳಿ ಹಾಕಿ ಕುದಿಸುತ್ತಿದ್ದಳು. ಅದಕ್ಕೆ ನಮ್ಮ ಮನೆಯಲ್ಲಿ ಮೀನಿಲ್ಲದ ಮೀನು ಸಾರು ಎಂದೇ ಹೆಸರು. ಬಿಸಿ ಮುದ್ದೆ, ಆ ಸಾರು, ಸುತ್ತ ನೀರು. ಅದರಷ್ಟು ರುಚಿಯಾದ ಸಾರನ್ನು ನನಗೆ ಆಮೇಲೆ ಮೀನು ಹಾಕಿಯೂ ಮಾಡಲಾಗಿಲ್ಲ.

ಇನ್ನು ಗಂಟುಗಳ ವಿಷಯ ಹೇಳಬೇಕು. ದೋಣಿಗೆ ಬುಟ್ಟಿ, ಚೀಲ ಒಯ್ಯಬಾರದು, ಗಂಟೇ ಆಗಬೇಕು ಎನ್ನುವುದು ಅಪ್ಪನ ಮನೆಯ ಕಟ್ಟಳೆ. ಗಂಟಾದರೆ ಒದ್ದೆ ಕೈಗೂ ಹಿಡಿತ ಸಿಗುತ್ತದೆ, ಎಸೆದರೂ ಚೆಲ್ಲುವುದಿಲ್ಲ. ಮೀನು ಹಿಡಿಯುವ ವಿದ್ಯೆ ಅಪ್ಪನಿಗೆ ಬರದಿದ್ದರೂ ಗಂಟು ಕಟ್ಟುವ ವಿದ್ಯೆ ಚೆನ್ನಾಗಿ ಬಂದಿತ್ತು. ಹಳೆಯ ಹಾಸಿನ ನಾಲ್ಕು ಮೂಲೆ ಸೇರಿಸಿ ಅವರು ಒಂದು ಬಿಗಿ ಹಾಕಿದರೆ ಅದನ್ನು ಬಿಚ್ಚಲು ಅವರೇ ಬರಬೇಕು. ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಅಮ್ಮ ಒಂದೇ ಬಗೆಯ ನೀಲಿ ಚೌಕುಳಿ ಹಾಸುಗಳನ್ನು ಒಟ್ಟಿಗೆ ಕೊಂಡಿದ್ದಳು. ಮನೆಯ ಮಂಚಕ್ಕೂ ಅದೇ, ಕಡಲಿನ ಗಂಟಿಗೂ ಅದೇ.

ಎರಡನೆಯ ವರ್ಷ ಮುಗಿಯುತ್ತಾ ಬಂದಂತೆ ಮನೆಯ ಗಾಳಿ ಬದಲಾಯಿತು. ಶಾಲೆ ತೆರೆಯುವಷ್ಟರಲ್ಲಿ ಅಮ್ಮ ಹಾಜರಾಗಬೇಕು, ಇಲ್ಲದಿದ್ದರೆ ಕೆಲಸ ಹೋಗುತ್ತದೆ. ಅಪ್ಪನಿಗೆ ಇಲ್ಲಿ ಇನ್ನೂ ಕೆಲವು ವರ್ಷ ಕೆಲಸವಿದೆ. ಅಮ್ಮ ಹೋದರೆ ನಾನೂ ಅವಳೊಂದಿಗೆ ಹೋಗಬೇಕು. ಅಪ್ಪ ಒಬ್ಬರೇ ಉಳಿಯುತ್ತಾರೆ, ವರ್ಷಕ್ಕೊಮ್ಮೆ ಬಂದು ಹೋಗುತ್ತಾರೆ. ಇದನ್ನು ಯಾರೂ ನನ್ನನ್ನು ಕೂರಿಸಿಕೊಂಡು ಹೇಳಲಿಲ್ಲ. ನಮ್ಮ ಮನೆಯ ಗೋಡೆ ತೆಳು. ಅಡುಗೆಮನೆಯಲ್ಲಿ ಆಡಿದ ಮಾತು ನನ್ನ ಓದುವ ಮೇಜಿಗೆ ಬರುತ್ತಿತ್ತು. ಎಲ್ಲ ಜಗಳವೂ ಒಂದೇ ದಾರಿಯಲ್ಲಿ ಹೋಗಿ ಒಂದೇ ಜಾಗದಲ್ಲಿ ನಿಲ್ಲುತ್ತಿತ್ತು.

"ನಾನ್ ಹೋಗ್ಲಾ, ಬೇಡ್ವಾ? ಅದನ್ನ ಹೇಳಿ."

"ನಿನ್ನ ಇಷ್ಟ."

"ನನ್ನಿಷ್ಟ ನಂಗೊತ್ತು. ನಿಮ್ಮಿಷ್ಟ ಏನು?"

"ನಿನ್ನ ಕೆಲ್ಸ ಅದು. ನಾ ಬ್ಯಾಡ ಅಂಬುಕ್ ಆತ್ತಾ? ನಿನ್ನ ಇಷ್ಟ."

ಪಾತ್ರೆ ಇಡುವ ಸದ್ದು ಜೋರಾಗುತ್ತಿತ್ತು. ಅಪ್ಪ ಒಳ್ಳೆಯ ಮನಸ್ಸಿನಿಂದಲೇ ಹಾಗೆ ಹೇಳುತ್ತಿದ್ದರು. ಅವರ ಮನೆಯ ಹೆಂಗಸರಿಗೆ ಯಾರೂ ಯಾವತ್ತೂ ಇಷ್ಟ ಕೇಳಿರಲಿಲ್ಲ. ಹೆಂಡತಿಯನ್ನು ತಾನು ಹಾಗೆ ಕಟ್ಟಿಹಾಕಬಾರದು ಎಂಬುದು ಅವರ ಲೆಕ್ಕ. ಅಮ್ಮನಿಗೆ ಬೇಕಾದದ್ದು ಬೇರೆ. ಹೋಗಬೇಡ ಅಂತ ಒಂದು ಮಾತು ಅವರ ಬಾಯಿಂದ ಬರಬೇಕಿತ್ತು. ಬಂದ ಮೇಲೆ ಹೋಗುತ್ತಿದ್ದಳೋ ಇರುತ್ತಿದ್ದಳೋ, ಅದು ಆಮೇಲಿನ ಮಾತು. ನಾನು ಗಣಿತದ ಪುಸ್ತಕದ ಮೇಲೆ ತಲೆಯಿಟ್ಟು, ಅಪ್ಪಾ ಹೇಳು, ಹೇಳಿಬಿಡು ಎಂದು ಮನಸ್ಸಿನಲ್ಲೇ ಗೋಗರೆಯುತ್ತಿದ್ದೆ. ಟಿಕೆಟ್ಟು ಬಂತು. ಅಪ್ಪ ಹೇಳಲಿಲ್ಲ.

ಹೊರಡುವ ಮುಂಚಿನ ವಾರ ಕೊನೆಯ ಸಲವೆಂದು ಕೆಲೋಂಗ್‌ಗೆ ಹೊರಟೆವು. ನಡುಮನೆಯ ತುಂಬ ಸಾಮಾನು. ಒಂದು ಕಡೆ ಊರಿಗೆ ಹೋಗುವ ಸೂಟ್‌ಕೇಸುಗಳು ಬಾಯಿ ತೆರೆದುಕೊಂಡು ಬಿದ್ದಿವೆ, ಇನ್ನೊಂದು ಕಡೆ ಕಡಲಿಗೆ ಹೋಗುವ ಒಲೆ, ಕುಕ್ಕರು. ಬಾಗಿಲ ಬಳಿ ಅಕ್ಕಿ, ಹಿಟ್ಟು, ಮಸಾಲೆಯ ಗಂಟು. ಅಮ್ಮ ಬೆಳಗಾಗುವ ಮುಂಚೆ ಎದ್ದು ಎಲ್ಲವನ್ನೂ ಒಟ್ಟಿಗೆ ಮಾಡುತ್ತಿದ್ದಳು, ಯಾರ ಜೊತೆಗೂ ಮಾತಿಲ್ಲ. ಅಪ್ಪ ಸಹಾಯ ಮಾಡಲು ಹೋಗಿ ಕಣ್ಣಿಗೆ ಬಿದ್ದ ಬಟ್ಟೆಯನ್ನೆಲ್ಲ ಬಿಗಿಯಾಗಿ ಕಟ್ಟಿಬಿಟ್ಟಿದ್ದರು. ಅಪ್ಪ ಕಾರು ಶುರು ಮಾಡುವಾಗ, ಗಂಟು ತಂದಿರಾ ಎಂದು ಅಮ್ಮ ಕೇಳಿದಳು. ತಂದಿದ್ದೇನೆ ಎಂದರು. ದಾರಿಯಲ್ಲಿ ಐಸು ಕೊಂಡೆವು. ಆವತ್ತು ಮೊಸರಿನ ಜಗಳವೂ ಆಗಲಿಲ್ಲ, ನನಗೆ ಅದೇ ಹೆಚ್ಚು ಭಯವಾಯಿತು.

ಕೆಲೋಂಗ್ ಹತ್ತಿದ ಮೇಲೆ ಅಮ್ಮ ಮಾಡಿನ ಕೆಳಗೆ ಒಲೆ ಹೂಡಿದಳು. ಎಸರಿಗೆ ನೀರಿಟ್ಟಳು. ಅಪ್ಪ ಗಾಳ ಬಿಟ್ಟುಕೊಂಡು ಆಚೆ ತುದಿಯಲ್ಲಿ ಕೂತರು. ನೀರು ಮರಳತೊಡಗಿತು. ಅಮ್ಮ ಗಂಟಿನ ಬಿಗಿಯ ಜೊತೆ ಹೆಣಗಿ, ಹಲ್ಲು ಹಾಕಿ ಕೊನೆಗೆ ಬಿಚ್ಚಿದಳು. ಒಳಗೆ ಅಕ್ಕಿ ಇರಲಿಲ್ಲ. ರಾಗಿ ಹಿಟ್ಟು ಇರಲಿಲ್ಲ. ಅವಳ ಧಾರೆ ಸೀರೆ, ಅದರ ಕೆಳಗೆ ಅಜ್ಜಿ ಕೊಟ್ಟ ಹಸಿರು ಸೀರೆ, ಅದರ ಕೆಳಗೆ ಕೆಲಸ ಸಿಕ್ಕಾಗ ತನ್ನ ಮೊದಲ ಸಂಬಳದಲ್ಲಿ ಕೊಂಡ ನೇರಳೆ ಬಣ್ಣದ ಮೈಸೂರು ರೇಷ್ಮೆ. ರೇಷ್ಮೆ ಕೆಡದಿರಲೆಂದು ಅವಳೇ ಹತ್ತಿಯ ಹಾಸಿನಲ್ಲಿ ಸುತ್ತಿಟ್ಟಿದ್ದಳು. ಅಪ್ಪ ಅದಕ್ಕೂ ಬಿಗಿ ಹಾಕಿ ಕಡಲಿಗೆ ಹೊತ್ತು ತಂದಿದ್ದರು. ಊಟದ ಗಂಟು ಮನೆಯ ಬಾಗಿಲಲ್ಲೇ ಉಳಿದಿತ್ತು.

ಅಪ್ಪ ಬಂದು ನೋಡಿದವರು ತಡೆಯಲಾರದೆ ನಕ್ಕುಬಿಟ್ಟರು. ನಾನೂ ನಕ್ಕೆ. ಅಮ್ಮ ನಗಲಿಲ್ಲ.

"ಅಷ್ಟೊಂದು ಅವಸರಾನಾ ನಿಮಗೆ? ಗಂಟುಮೂಟೆ ಸಮೇತ ತಂದು ಇಲ್ಲೇ ನೀರಿಗೆ ಬಿಡೋಣ ಅಂತ ಬಂದ್ರಾ?"

"ನಾ ಎಲ್ಲಿ ಕಳ್ಸ್‌ತಾ ಇದ್ದೆ ಮಾರಾಯ್ತಿ? ನಿನ್ನ ಇಷ್ಟ ಅಂತ ಅಲ್ದಾ ಹೇಳದ್ದ್?"

"ಅದೇ! ಅದೇ ಮಾತು!"

ಅಮ್ಮ ಸೀರೆಗಳನ್ನು ಮಡಿಲಿಗೆ ಎಳೆದುಕೊಂಡು ಅಳಲು ಶುರು ಮಾಡಿದಳು. ಅವಳು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಒಲೆಯ ಮೇಲೆ ನೀರು ಸುಮ್ಮನೆ ಕುದಿಯುತ್ತಲೇ ಇತ್ತು. ಅಪ್ಪ ಏನು ಮಾಡುವುದೆಂದು ತಿಳಿಯದೆ ಒಲೆ ಆರಿಸಿದರು.

ನನಗೆ ಹೊಟ್ಟೆ ಹಸಿದಿತ್ತು. ಇಂಥ ಹೊತ್ತಿನಲ್ಲಿ ಹೇಳಬಾರದೆಂದು ಗೊತ್ತಿದ್ದರೂ ಹೇಳಿದೆ.

"ಅಮ್ಮಾ, ಐ ಆಮ್ ಹಂಗ್ರಿ."

ಪಾಕ್ ದಿನ್‌ಗೆ ನಮ್ಮ ಮಾತು ಒಂದೂ ತಿಳಿಯದು. ಆದರೆ ಬರೀ ಪಾತ್ರೆಗಳ ನಡುವೆ ಅಳುತ್ತಾ ಕೂತ ಹೆಂಗಸು, ಅವಳ ಮಡಿಲಲ್ಲಿ ಜರಿ ಸೀರೆ, ಪಕ್ಕದಲ್ಲಿ ಹಸಿದ ಮಗು, ದೂರದಲ್ಲಿ ಪೆಚ್ಚಾಗಿ ನಿಂತ ಗಂಡ; ಇಷ್ಟನ್ನು ಅರ್ಥಮಾಡಿಕೊಳ್ಳಲು ಭಾಷೆ ಬೇಕಿರಲಿಲ್ಲ. ಅವನು ತನ್ನ ಮೂಲೆಯಿಂದ ಅನ್ನದ ಮಡಕೆ ತಂದ. ಇದ್ದಲಿನ ಮೇಲೆ ಬಾಳೆ ಎಲೆ ಹಾಸಿ, ಅರಿಸಿನ, ಮೆಣಸು, ಹುಣಸೆಹುಳಿ ಹಚ್ಚಿದ ಮೀನು ಸುಟ್ಟ. ಬಂಗುಡೆ, ನಮ್ಮ ಕಡೆಯದೇ ಬಂಗುಡೆ, ಎಂದು ಅಪ್ಪ ಪಿಸುಗುಟ್ಟಿದರು. ಪಾಕ್ ದಿನ್ ಎಲೆ ಸಮೇತ ಅಮ್ಮನ ಮುಂದೆ ಇಟ್ಟ.

"ಮಾಕಾನ್ ಲಾ, ಕಾಕ್."

ಊಟ ಮಾಡಕ್ಕ, ಅಂತ. ಎರಡು ವರ್ಷದಲ್ಲಿ ಅಮ್ಮ ಇಷ್ಟು ಮಲಯ್ ಕಲಿತಿದ್ದಳು. ಅವಳು ಮೊದಲು ಮುಳ್ಳು ಬಿಡಿಸಿ ನನಗೆ ತಿನ್ನಿಸಿದಳು. ನಾನು ಬಾಯಿ ತುಂಬ ತಿನ್ನುವುದನ್ನು ನೋಡಿದಳು. ಆಮೇಲೆ ತಾನೂ ಒಂದು ತುತ್ತು ಬಾಯಿಗಿಟ್ಟಳು. ನಾನು, ಅಪ್ಪ, ಪಾಕ್ ದಿನ್ ಮೂವರೂ ಅವಳ ಮುಖವನ್ನೇ ನೋಡುತ್ತಿದ್ದೆವು. ಅವಳು ನುಂಗಿ, ಮೂಗು ಒರೆಸಿಕೊಂಡು, ಹುಳಿ ಒಂಚೂರು ಮುಂದಾಗಿದೆ ಎಂದಳು. ಇನ್ನೊಂದು ಮೀನಿಗೆ ಕೈ ಚಾಚಿದಳು.

ಉಂಡು ಕೈ ತೊಳೆಯುವಷ್ಟರಲ್ಲಿ ಕಡಲಾಚೆ ಸುಮಾತ್ರಾ ಕಡೆಯ ಆಕಾಶ ಕಪ್ಪಾಯಿತು. ಆ ಕಡೆಯಿಂದ ಬರುವ ಗಾಳಿಗೆ ಹೇಳುವುದು ಕೇಳುವುದು ಇರುವುದಿಲ್ಲ. ಮಳೆ ಅಡ್ಡಡ್ಡ ಹೊಡೆಯಿತು. ತಗಡಿನ ಮಾಡು ಹೆಸರಿಗಷ್ಟೇ. ಮೂರು ಕಡೆಯಿಂದ ನೀರು ಒಳಗೆ ಬಂತು. ದೋಣಿ ಬಿಡುವಂತಿಲ್ಲ, ಅಲ್ಲೇ ಕಾಯಬೇಕು. ನಾವು ನಾಲ್ವರೂ ಇದ್ದಲಿನ ಒಲೆಯ ಸುತ್ತ ಒತ್ತಿಕೊಂಡು ಕೂತೆವು. ನನ್ನ ಹಲ್ಲು ಕಟಕಟ ಅನ್ನತೊಡಗಿತು. ಹಾಸು ಆಗಲೇ ತೊಯ್ದು ತೊಪ್ಪೆಯಾಗಿತ್ತು. ಅಮ್ಮ ಒಂದು ಗಳಿಗೆ ಮಡಿಲನ್ನು ನೋಡಿದಳು. ಆಮೇಲೆ ಧಾರೆ ಸೀರೆಯ ಮಡಿಕೆ ಕೊಡವಿ ನನ್ನನ್ನು ತಲೆಯಿಂದ ಕಾಲಿನವರೆಗೆ ಸುತ್ತಿದಳು. ಹಸಿರು ಸೀರೆಯನ್ನು ಅಪ್ಪನ ಮೇಲೆ ಎಸೆದಳು. ಉಳಿದ ನೇರಳೆ ಸೀರೆಯನ್ನು ಪಾಕ್ ದಿನ್‌ನತ್ತ ಚಾಚಿದಳು. ಮುದುಕ ಎರಡೂ ಕೈ ಆಡಿಸಿ ಬೇಡವೆಂದ. ಅಮ್ಮ ತರಗತಿಯಲ್ಲಿ ಹುಡುಗರನ್ನು ಗದರಿಸುವ ದನಿಯಲ್ಲಿ, ಹೊದ್ಕೊಳ್ಳಪ್ಪಾ ಸುಮ್ನೆ, ಎಂದು ಅಚ್ಚ ಕನ್ನಡದಲ್ಲೇ ಹೇಳಿದಳು. ಅವನು ಹೊದ್ದುಕೊಂಡ. ಜರಿ ಅಂಚನ್ನು ಮೊಣಕಾಲ ಮೇಲೆ ಎಷ್ಟು ಜೋಪಾನವಾಗಿ ಹಿಡಿದುಕೊಂಡಿದ್ದನೆಂದರೆ, ಅವನನ್ನು ನೋಡಿ ಅಮ್ಮನಿಗೇ ನಗು ಬಂತು. ನಕ್ಕಳು. ಅಪ್ಪ ಅವಳ ಹತ್ತಿರ ಸರಿದು ಹಸಿರು ಸೀರೆಯ ಅರ್ಧವನ್ನು ಅವಳ ಭುಜಕ್ಕೆ ಹೊದಿಸಿದರು. ಅವಳು ತಳ್ಳಲಿಲ್ಲ. ರೇಷ್ಮೆಯೊಳಗೆ ಬೆಚ್ಚಗಾಗಿ, ಮೀನಿನ ಹೊಗೆ ಕುಡಿಯುತ್ತಾ, ಮಳೆ ನಿಲ್ಲದೆ ಹೀಗೇ ಇರಲಿ ಎಂದು ನಾನು ಹಾರೈಸಿದೆ. ಅಷ್ಟು ಸುಖವಾಗಿ ನಾನು ಕೂತದ್ದು ಕಡಿಮೆ.

ಮರುದಿನ ಅಮ್ಮ ಅಂಟುವಾಳದ ಕಾಯಿ ನೆನೆಸಿ, ನೊರೆ ಬರಿಸಿ, ಮೂರೂ ಸೀರೆಗಳನ್ನು ಅದ್ದಿ ತೆಗೆದು ಮುಂಬಾಗಿಲ ನೆರಳಿನಲ್ಲಿ ಹರವಿದಳು. ಸಂಜೆ ಮೂಸಿ ನೋಡಿದಳು. ಮೀನಿನ ವಾಸನೆ, ಇದ್ದಲ ಹೊಗೆ, ಎರಡೂ ಕಚ್ಚಿಕೊಂಡು ಕೂತಿದ್ದವು. ಮತ್ತೆ ಅದ್ದಿದಳು, ಮತ್ತೆ ಹರವಿದಳು. ಸರಸು ಅಕ್ಕ ಬೇಲಿಯಾಚೆಯಿಂದ ಕೇಳಿದಳು.

"ಏನ್ ಟೀಚರ್, ದಿನಾ ಪಟ್ಟು ಸೀರೆ ಒಗೀತೀರಾ?"

"ಈ ನಾತ ಇಟ್ಕೊಂಡು ಊರಿಗೆ ಹೆಂಗ್ ಹೋಗ್ಲಿ? ವಿಮಾನದಿಂದ ಇಳಿಸ್ತಾರೆ ಅಷ್ಟೆ. ಇದು ಹೋಗೋವರ್ಗೂ ನಾನೆಲ್ಲಿಗೂ ಹೋಗಲ್ಲ."

ಅಡುಗೆಮನೆಯ ಜಗಳ ನಿಂತಿತ್ತು. ಮನೆಯಲ್ಲಿ ಬೇರೆ ಮಾತೇ ಇಲ್ಲ, ಬರೀ ವಾಸನೆಯ ಮಾತು. ನಾನು ಶಾಲೆಯಿಂದ ಬಂದ ತಕ್ಷಣ ಚೀಲವನ್ನೂ ಇಳಿಸದೆ ಸೀರೆಗೆ ಮೂಗು ಹಚ್ಚುತ್ತಿದ್ದೆ. ಮೊದಲ ದಿನಗಳಲ್ಲಿ ಘಮ್ಮೆಂದು ಮೀನು, ನನಗೆ ಹಬ್ಬವಾಗುತ್ತಿತ್ತು. ದಿನ ಕಳೆದಂತೆ ಅದು ತೆಳುವಾಯಿತು. ನಾನು ಮತ್ತೆ ಮತ್ತೆ ಹೋಗಿ ಮೂಸತೊಡಗಿದೆ. ಹೊರಡುವ ಹಿಂದಿನ ದಿನ ಮೂಸಿದರೆ ಏನೂ ಇಲ್ಲ. ಸೆರಗು, ಅಂಚು, ಒಡಲು, ಎಲ್ಲ ಹುಡುಕಿದೆ. ಅಂಟುವಾಳದ ವಾಸನೆ ಬಿಟ್ಟರೆ ಏನೂ ಉಳಿದಿರಲಿಲ್ಲ. ಅಮ್ಮ ನನ್ನ ಹಿಂದೆಯೇ ಬಂದು ನಿಂತಿದ್ದಳು. ಅವಳೂ ಮೂಸಿ ನೋಡಿದ್ದಳೆಂದು ಮುಖ ನೋಡಿದರೆ ತಿಳಿಯುತ್ತಿತ್ತು.

ಸಂಜೆ ಅಪ್ಪ ಕಾಲೇಜಿನಿಂದ ಬಂದರು. ಅವರು ಚಪ್ಪಲಿ ಕಳಚುವುದಕ್ಕೂ ಅಮ್ಮ ಬಿಡಲಿಲ್ಲ. ಧಾರೆ ಸೀರೆಯನ್ನು ಹಗ್ಗದಿಂದ ಎಳೆದು ಅವರ ಕೈಗೆ ಕೊಟ್ಟಳು.

"ನೋಡಿ ಹೇಳಿ. ವಾಸನೆ ಹೋಯ್ತಾ?"

ಅಪ್ಪ ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದು ಅದರಲ್ಲಿ ಮುಖ ಹುದುಗಿಸಿದರು. ಬಹಳ ಹೊತ್ತು ಹಾಗೇ ಇದ್ದರು. ನಾನು ಅವರ ಮೊಣಕೈ ಹಿಡಿದುಕೊಂಡು ನಿಂತಿದ್ದೆ. ಅವರು ತಲೆಯೆತ್ತಿದಾಗ ಸೀರೆಯ ಒಂದು ಜಾಗ ಒದ್ದೆಯಾಗಿತ್ತು.

"ಇತ್ತ್. ಇನ್ನೂ ಇತ್ತ್," ಎಂದರು; ಅವರ ಕಡೆ ಹಾಗೆಂದರೆ ಇದೆ ಅಂತ. ಅಮ್ಮ ಕಾಯುತ್ತಾ ನಿಂತಳು. ಅಪ್ಪನಿಗೆ ಬೇರೆ ದಾರಿ ಉಳಿಯಲಿಲ್ಲ.

"ಹೋಪೂದ್ ಬ್ಯಾಡ. ನೀ ಇಲ್ದೆ ನಂಗ್ ಆತಿಲ್ಲೆ."

"ಇದನ್ನ ಹೇಳಕ್ಕೆ ನನ್ನ ಧಾರೆ ಸೀರೆ ಹಾಳಾಗ್ಬೇಕಿತ್ತಾ?"

ಅಮ್ಮ ಸೀರೆಯ ಒಂದು ತುದಿ ಅವರ ಕೈಯಲ್ಲೇ ಬಿಟ್ಟು ಇನ್ನೊಂದು ತುದಿ ಹಿಡಿದು ಹಿಂದೆ ಸರಿದಳು. ಇಬ್ಬರೂ ಅದನ್ನು ಮಡಿಸತೊಡಗಿದರು.

"ಇರ್ತೀನಿ. ಆದ್ರೆ ಪಾಠ ಮಾಡ್ದೆ ನಂಗೆ ಇರಕ್ಕಾಗಲ್ಲ. ಅಲ್ಲಿ ಬಿಟ್ಟಿದ್ದನ್ನ ಇಲ್ಲಿ ಹುಡುಕ್ತೀನಿ. ಸಿಗೋವರ್ಗೂ ನಿಮ್ಮ ತಲೆ ತಿಂತೀನಿ. ಆಗ್ಬೋದಾ?"

ಅಪ್ಪ ಬಾಯಿ ತೆರೆದರು. "ನಿನ್ನ..." ಎಂದರು. ಅಷ್ಟಕ್ಕೇ ಗಕ್ಕನೆ ನಿಲ್ಲಿಸಿ, ನನ್ನ ಮುಖ ನೋಡಿದರು, ಅಮ್ಮನ ಮುಖ ನೋಡಿದರು.

"ಆಯ್ತ್, ನಾಳೆಯೇ ಇಬ್ರೂ ಹೋಯಿ ಹುಡ್ಕುವ," ಎಂದರು.